ಪಾಡುಪಟ್ಟವರ ಮಣೆ

ಹುಣಸೆಹಣ್ಣು ಬಡಿಯುವ ಕಾಲ, ಬೆಳಗಿನ ಹತ್ತರ ಹೊತ್ತು. ಗಿರಣಿಯಲ್ಲಿ ರಾಗಿ ಬೀಸಿಸಿಕೊಳ್ಳಲು ಕೂತವರು ಇನ್ನೂ ನಾಲ್ಕೈದು ಜನ ಇದ್ದರು. ಚಾವಡಿಯ ಜವಾನ ಚೌಡಪ್ಪ ಬಂದು ಬಾಗಿಲಲ್ಲಿ ನಿಂತ. ಗಿರಣಿಯ ಸದ್ದಿಗೆ ಮಾತು ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತು. ಎರಡು ಅಂಗೈ ಜೋಡಿಸಿ ಮಣೆಯ ಹಾಗೆ ಮಾಡಿ ತೋರಿಸಿದ. ಮಣೆಗೆ ಕರೆ ಬಂದಿದೆ ಅಂತ ಅದರ ಅರ್ಥ. ನಾನು ಮಿಷನ್ನು ನಿಲ್ಲಿಸಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ಒಂದು ದಿಂಬು, ಒಂದು ಚೊಂಬು ನೀರು, ಒಂದಿಷ್ಟು ಹುರಿಗಡಲೆ ತೆಗೆದುಕೊಂಡು ಹೊರಟೆ. ನಮ್ಮೂರಲ್ಲಿ ಮೀಟಿಂಗಿಗೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ.

ಚಾವಡಿಯ ಬಾಗಿಲು ಅಂಥದ್ದು. ಒಳಗೆ ನಾಲ್ಕು ಜನ ಕೂತು ಒಂದು ವಿಷಯ ಎತ್ತಿದರೋ ಇಲ್ಲವೋ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ವಿಷಯದಲ್ಲಿ ಪಾಡುಪಟ್ಟವರು ಒಬ್ಬರು ಮಣೆಯ ಮೇಲೆ ಕೂತಿರಬೇಕು, ಅವರು ಮನಸಾರೆ ಹೂಂ ಅನ್ನಬೇಕು, ಆಮೇಲೇ ತೆರೆಯುವುದು. ನಮ್ಮಜ್ಜಿಯ ಕಾಲದಲ್ಲೂ ಹಾಗೇ ಇತ್ತಂತೆ. ಚರಂಡಿಯ ಮಾತು ಬಂದಾಗ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡ ಸೋಡಾ ಅಂಗಡಿಯ ಇಮಾಮ್ ಸಾಬರನ್ನು ಕೂರಿಸಿದ್ದರು. ಬೀದಿ ಹೋರಿಯ ವಿಷಯಕ್ಕೆ ಅದರಿಂದ ತಿವಿಸಿಕೊಂಡ ಪೂಜಾರಿ ಕೂತಿದ್ದರು. ಕೂತಿದ್ದರು ಅನ್ನುವುದು ಮಾತಿಗೆ, ಪಾಪ, ಅವರು ನಿಂತೇ ಇದ್ದರು. ಶಾಲೆಯ ವಿಷಯಕ್ಕೆ ಮೆಟ್ರಿಕ್ಕಿನಲ್ಲಿ ಮತ್ತೆ ಮತ್ತೆ ಫೇಲಾದ ಸುಬ್ಬಣ್ಣನನ್ನು ಕೂರಿಸಿದಾಗ ಅವನಿಗೆ ಆ ಮರ್ಯಾದೆ ಎಷ್ಟು ಹಿಡಿಸಿತೆಂದರೆ ಮಾರನೆಯ ದಿನದವರೆಗೆ ಹೂಂ ಅನ್ನಲಿಲ್ಲ. ಕೊನೆಗೆ ಹೆಡ್‌ಮಾಸ್ತರರ ಬಾಯಿಂದ ಹದಿಮೂರರ ಮಗ್ಗಿ ಹೇಳಿಸಿಕೊಂಡ ಮೇಲೆ ಅವನ ಮನಸ್ಸು ಕರಗಿತು. ಬಾಗಿಲಿಗೆ ಅದೂ ಒಪ್ಪಿಗೆಯಾಯಿತು.

ಬಾಗಿಲಿನ ಪಕ್ಕದಲ್ಲೇ ಸರಳು ಹಾಕಿದ ಒಂದು ಕಿಟಕಿ. ಕಿಟಕಿಯ ಹೊರಗೆ ಅನಸೂಯಳ ತಟ್ಟೆ ಇಡ್ಲಿಯ ಗಾಡಿ. ಒಳಗೆ ಮೀಟಿಂಗು ಎಳೆದಷ್ಟೂ ಅವಳಿಗೆ ವ್ಯಾಪಾರ. ಬೇಗ ಒಪ್ಪಿಗೆ ಆಗುವ ವಿಷಯ ಬಂದರೆ ಅವಳ ಮುಖ ಸಣ್ಣಗಾಗುತ್ತಿತ್ತು. ಸುಬ್ಬಣ್ಣನಿಗೆ ಮನಸ್ಸು ಗಟ್ಟಿ ಮಾಡಿಕೋ ಅಂತ ಎರಡು ಸೌಟು ಚಟ್ನಿ ಹೆಚ್ಚಿಗೆ ಹಾಕಿದವಳು ಅವಳೇ. ಅಂಥ ಅನಸೂಯ ಅವತ್ತು ಇಡ್ಲಿ ಬೇಯಲು ಇಡುವ ಮೊದಲೇ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಹಿಂದೆ ನನಗಾದ ಹಾಗೇ ಅವಳಿಗೂ ಎದೆಯಲ್ಲಿ ಗಂಟಾಗಿತ್ತು. ದೀಪಾವಳಿಯ ಹೊತ್ತಿಗೆ ಶುರುವಾದ ಚಿಕಿತ್ಸೆ, ಮೊದಲಿನ ಔಷಧಿ ಸರಿಯಾಗಿ ಹಿಡಿಯಲಿಲ್ಲ. ಗುಡ್ಡದ ಮೇಲಿನ ಆಸ್ಪತ್ರೆಯವರು ಒಂದು ಹೊಸ ಔಷಧಿಯ ಸಂಶೋಧನೆ ನಡೆಸುತ್ತಾರೆ, ಅದಕ್ಕೆ ಸೇರುತ್ತೀಯಾ ಅಂತ ಕೇಳಿದ್ದರು. ಇವಳು ಹೆಸರು ಕೊಟ್ಟಿದ್ದಳು. ಮಗಳಿನ್ನೂ ಹೈಸ್ಕೂಲು. ಆ ಸಂಶೋಧನೆಗೆ ಒಪ್ಪಿಗೆ ಕೊಡುವ ಮೀಟಿಂಗೇ ಅವತ್ತಿನದು. ಔಷಧಿಯ ಪೆಟ್ಟಿಗೆ ಮಂಜುಗಡ್ಡೆಯಲ್ಲಿ ಕೂತು ಊರ ಮುಂದೆ ಗಾಡಿಯಲ್ಲಿ ಕಾಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಸಹಿಯಾಗದಿದ್ದರೆ ಅದು ಬೇರೆ ಊರಿಗೆ ಹೋಗಿಬಿಡುತ್ತಿತ್ತು.

ಮಣೆಯ ಮೇಲೆ ನಾನು. ಯಾಕೆಂದರೆ ಆ ಕಾಯಿಲೆ ಬಂದು, ಹೋಗಿ, ಗಿರಣಿ ನಡೆಸಿಕೊಂಡಿರುವವಳು ಊರಲ್ಲಿ ನಾನೊಬ್ಬಳೇ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕೊಯ್ದರು, ಕೆಂಪು ಔಷಧಿ ಹತ್ತಿಸಿದರು, ಕರೆಂಟು ಕೊಟ್ಟರು. ಉದುರಿದ ಕೂದಲು ತಿರುಗಿ ಬರುವಾಗ ಗುಂಗುರು ಗುಂಗುರಾಗಿ ಬಂತು. ನಮ್ಮ ನಾದಿನಿ ಇವತ್ತಿಗೂ ಅದೊಂದಕ್ಕೆ ನನ್ನ ಮೇಲೆ ಸಿಟ್ಟು.

ಮೀಟಿಂಗಿಗೆ ತಿಂಗಳ ಮುಂಚೆ ಆಸ್ಪತ್ರೆಯವರು ನನ್ನ ಫೋಟೋ ತೆಗೆಸಿದ್ದರು. ರೋಗಿಗಳ ಪರವಾಗಿ ಮಾತಾಡುವವಳು ನಾನು ಅಂತ ಊರಿಗೆ ತಿಳಿಯಲಿ ಎಂದು. ನನ್ನ ಬದುಕಿನಲ್ಲಿ ನಾನೊಬ್ಬಳೇ ಇರುವ ಫೋಟೋ ಅದೊಂದೇ. ಮದುವೆಯ ಫೋಟೋದಲ್ಲಿ ನನ್ನ ಅರ್ಧ ಮುಖಕ್ಕೆ ಭಾವನವರ ಮೊಣಕೈ ಅಡ್ಡ ಬಂದಿದೆ. ಅದಕ್ಕೇ ಮೈಸೂರು ಸಿಲ್ಕು ಉಟ್ಟು, ಗುಂಗುರು ಕೂದಲು ಬಾಚದೆ ಬಿಟ್ಟು ಕೂತಿದ್ದೆ. ಅದನ್ನು ದೊಡ್ಡದು ಮಾಡಿ, ಕೆಳಗೆ ‘ನಾನು ಗೆದ್ದೆ, ನೀವೂ ಗೆಲ್ಲುವಿರಿ’ ಅಂತ ಅಚ್ಚು ಹಾಕಿಸಿ ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಡೈರಿಯಲ್ಲಿ, ಕ್ಷೌರದಂಗಡಿಯಲ್ಲಿ ಅಂಟಿಸಿದರು. ನಾನು ಆಮೇಲೆ ಎದುರಿನ ಮನೆಯ ಹಾಲು ಬಿಟ್ಟು, ಊರು ಸುತ್ತಿಕೊಂಡು ಡೈರಿಗೇ ಹೋಗಲು ಶುರುಮಾಡಿದೆ. ಡೈರಿ ಹಾಲು ಗಟ್ಟಿ ಅಂತ ಮನೆಯಲ್ಲಿ ಹೇಳುತ್ತಿದ್ದೆ.

ಚಾವಡಿಯೊಳಗೆ ನಾವು ಐದು ಜನ. ಗುಡ್ಡದ ಆಸ್ಪತ್ರೆಯ ದೊಡ್ಡ ಡಾಕ್ಟರು ಪಂಚಾಕ್ಷರಿ, ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಸಂಶೋಧನೆ ನಡೆಸುವ ಡಾಕ್ಟರು ಶರ್ಮಿಳಾ, ಬೇರೆ ಊರಿನ ಹುಡುಗಿ, ನಮ್ಮ ಬಾಗಿಲಿನ ಸಂಗತಿ ಹೇಳಿದರೆ ನಕ್ಕವರು. ವಕೀಲ ಸದಾನಂದಯ್ಯನವರು, ಹೊಟ್ಟೆ ಸ್ವಲ್ಪ ಮುಂದೆ. ಬಾಗಿಲ ಹತ್ತಿರ ಚೌಡಪ್ಪ. ಮಣೆಯ ಮೇಲೆ ದಿಂಬು ಹಾಕಿಕೊಂಡು ನಾನು.

ಶರ್ಮಿಳಾ ಡಾಕ್ಟರು ಸಂಶೋಧನೆಯ ವಿವರ ಓದಿದರು. ಅರ್ಧ ಜನಕ್ಕೆ ಹಳೆಯ ಔಷಧಿಯ ಜೊತೆ ಹೊಸದನ್ನೂ ಕೊಡುತ್ತಾರೆ, ಇನ್ನರ್ಧಕ್ಕೆ ಹಳೆಯದೊಂದನ್ನೇ, ಜೊತೆಗೆ ನೋಡಲು ಹೊಸದರ ಹಾಗೇ ಇರುವ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹೇಳುತ್ತದೆ. ಡಾಕ್ಟರಿಗೂ ಗೊತ್ತಿರುವುದಿಲ್ಲ, ರೋಗಿಗೂ ಗೊತ್ತಿರುವುದಿಲ್ಲ. ಕೊನೆಗೆ ಯಾವ ಕಡೆಯವರು ಚೆನ್ನಾಗಿದ್ದಾರೆ ಅಂತ ನೋಡುತ್ತಾರೆ. ಓದಿ ಮುಗಿಸಿ ಅವರು ನನ್ನ ಕಡೆ ತಿರುಗಿದರು. ನಾನು ಹೂಂ ಅಂದೆ.

ನನ್ನ ಬಾಯಿಗೆ ಹೂಂ ಅನ್ನುವುದು ಬಹಳ ಸಲೀಸು. ಗಿರಣಿಯ ಸದ್ದಿನಲ್ಲಿ ಬದುಕಿದವಳು ನಾನು. ಆ ಸದ್ದಿನಲ್ಲಿ ಇಲ್ಲ ಅಂದರೆ ಯಾಕೆ ಅಂತ ಕೂಗಿ ಹೇಳಬೇಕಾಗುತ್ತದೆ. ಹೂಂ ಅನ್ನಲು ತಲೆ ಆಡಿಸಿದರೆ ಸಾಕು. ಅತ್ತೆಗೂ ಹೂಂ, ಗಂಡನಿಗೂ ಹೂಂ, ನುಣ್ಣಗೆ ಬೀಸು ಅಂದವರಿಗೂ ಹೂಂ, ತರಿಯಾಗಿ ಬೀಸು ಅಂದವರಿಗೂ ಹೂಂ.

ಚೌಡಪ್ಪ ಬಾಗಿಲು ನೂಕಿದ. ತೆರೆಯಲಿಲ್ಲ. ನಾನು ಇನ್ನೊಂದು ಸಲ, ಗಟ್ಟಿಯಾಗಿ ಅಂದೆ. ತೆರೆಯಲಿಲ್ಲ. ಎದ್ದು ನಿಂತು ಕೈಮುಗಿದು ಅಂದೆ. ಚೌಡಪ್ಪ ಒಂದು ಕಾಲನ್ನು ಹಿಂದಕ್ಕೆ ಊರಿ ಮೈಭಾರ ಹಾಕಿ ನೂಕಿದ. ಬಾಗಿಲು ಅಲುಗಲಿಲ್ಲ. ಅಷ್ಟು ಜನದ ಮುಂದೆ ಒಂದು ಬಾಗಿಲು ನನ್ನನ್ನು ಸುಳ್ಳಿ ಅಂದ ಹಾಗಾಯಿತು.

ಶರ್ಮಿಳಾ ಡಾಕ್ಟರು ಇದೆಲ್ಲ ತೇವಕ್ಕೆ ಮರ ಉಬ್ಬಿರುವುದು ಅಂದರು. ಹುಣಸೆಹಣ್ಣು ಬಡಿಯುವ ಕಾಲದಲ್ಲಿ ಎಲ್ಲಿಯ ತೇವ. ತಾವೇ ಎದ್ದು ಭುಜ ಕೊಟ್ಟು ನೂಕಿದರು, ಕಿಟಕಿಯಿಂದ ಬಡಗಿ ವಿರೂಪಾಚಾರಿಯನ್ನು ಕರೆಸಿದರು. ಆಚಾರಿ ಹೊರಗಿನಿಂದ ಕೀಲುಗಳನ್ನು ತಟ್ಟಿ ನೋಡಿ, ಬಾಗಿಲಿನದೇನೂ ತಪ್ಪಿಲ್ಲ, ಇರುವುದೆಲ್ಲ ಒಳಗಿನವರದು ಅಂತ ಹೇಳಿ, ಅನಸೂಯಳ ಗಾಡಿಯ ಹತ್ತಿರ ಕೂತು ಇಡ್ಲಿ ತಿನ್ನತೊಡಗಿದ. ಆಮೇಲೆ ಸಂಜೆಯವರೆಗೆ ಅವನು ಎದ್ದು ಹೋಗಲಿಲ್ಲ.

ಪಂಚಾಕ್ಷರಿ ಡಾಕ್ಟರು ನನ್ನನ್ನು ಬೈಯಲಿಲ್ಲ. ಅವರ ಮಾತು ಯಾವಾಗಲೂ ಮೆತ್ತಗೆ.

“ಹಾಲಮ್ಮನವರೇ, ನಿಮ್ಮ ಮನಸ್ಸು ಎಲ್ಲೋ ಒಂದು ಕಡೆ ತಡೆದು ನಿಂತಿದೆ. ಎಲ್ಲಿ ಅಂತ ನಿಧಾನವಾಗಿ ಹುಡುಕಿ. ನಾವು ಕಾಯ್ತೀವಿ,” ಅಂದರು. ಅಂದು, ಗಡಿಯಾರ ನೋಡಿಕೊಂಡು ಕಿಟಕಿಯಿಂದ ಎರಡು ಇಡ್ಲಿ ತೆಗೆದುಕೊಂಡರು.

ಹುಡುಕುವುದು ಅಂದರೆ ಏನು ಅಂತ ನನಗೆ ತಿಳಿಯಲಿಲ್ಲ. ಬೇರೆಯವರಿಗೆ ಏನು ಬೇಕು ಅಂತ ಹುಡುಕಿ ಗೊತ್ತಿತ್ತು, ನನಗೆ ಏನು ಬೇಡ ಅಂತ ಹುಡುಕಿ ಅಭ್ಯಾಸವಿರಲಿಲ್ಲ. ಶರ್ಮಿಳಾ ಡಾಕ್ಟರು ಮೊದಲಿಂದ ಪುಟ ಪುಟ ಓದಿದರು. ನಾನು ಕಣ್ಣು ಮುಚ್ಚಿಕೊಂಡು, ಹಾಸಿಗೆಯಲ್ಲಿ ಮಲಗಿದ್ದ ಹಳೆಯ ನನ್ನನ್ನು ನೆನೆಸಿಕೊಳ್ಳುತ್ತ ಕೇಳಿದೆ. ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬೆಳಗ್ಗೆ ಏಳಕ್ಕೆಲ್ಲ ಗುಡ್ಡದ ಮೇಲಿರಬೇಕು ಅಂತ ಬಂದಾಗ ಕಣ್ಣು ಬಿಟ್ಟೆ. ಆ ಹೊತ್ತಿಗೆ ಬಸ್ಸಿಲ್ಲ, ನಾನು ಆವಾಗ ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಕೂತು, ಹಾಲಿನ ವಾಸನೆಗೆ ವಾಂತಿ ಮಾಡಿಕೊಳ್ಳುತ್ತ ಹೋಗಿದ್ದೆ ಅಂದೆ. ಅವರು ವ್ಯಾನು ಕಳಿಸುವುದಾಗಿ ಬರೆದುಕೊಂಡರು. ಬಾಗಿಲು ಕಿರ್ರೆಂದು ಒಂದು ಬೆರಳಿನಷ್ಟು ತೆರೆಯಿತು. ಶರ್ಮಿಳಾ ಡಾಕ್ಟರ ಮುಖ ನೋಡಬೇಕಿತ್ತು. ಬೆಳಕಿನ ಗೆರೆ ಅವರ ಕಾಲ ಮೇಲೆ ಬಿದ್ದಿತ್ತು, ಅವರು ಅದನ್ನು ಒರೆಸುವವರ ಹಾಗೆ ಕಾಲು ಉಜ್ಜಿಕೊಂಡರು.

ಅಲ್ಲಿಂದ ಮುಂದೆ ಅವರಿಗೇ ಹುರುಪು ಬಂತು. ಈ ಪುಟಕ್ಕೆ ಏನಂತೀರಿ, ಈ ಸಾಲಿಗೆ ಏನಂತೀರಿ ಅಂತ ಕೇಳುತ್ತ ನನ್ನ ಮಣೆಯ ಹತ್ತಿರ ಕೆಳಗೇ ಕೂತರು. ಔಷಧಿ ಹತ್ತಿಸುವಾಗ ಜೊತೆಗೆ ಬಂದವರು ಎಲ್ಲಿ ಕೂರುತ್ತಾರೆ ಅಂದೆ, ಬೆಂಚು ಬಂತು. ಬೆರಳು ಜೋಮು ಹಿಡಿದು ರವಿಕೆಯ ಹುಕ್ಕು ಹಾಕಲು ಬರುವುದಿಲ್ಲ, ಅದನ್ನು ಯಾರೂ ಕೇಳುವುದೇ ಇಲ್ಲ ಅಂದೆ. ಅದು ನಮಗೆ ಬೇಕಾದ ಸಂಗತಿ, ಪ್ರತಿ ಸಲವೂ ಕೇಳಿ ಬರೆದುಕೊಳ್ಳುತ್ತೇವೆ ಅಂದರು. ಕೆಲವಕ್ಕೆ ಬಾಗಿಲು ಕದಲಲಿಲ್ಲ. ಆಸ್ಪತ್ರೆಯ ಸಾರಿಗೆ ಉಪ್ಪು ಕಡಿಮೆ ಅಂತ ನಾನು ಬಹಳ ಹೊತ್ತು ಮಾತಾಡಿದೆ, ಅದಕ್ಕೆ ಒಂದು ಕೂದಲೆಳೆಯಷ್ಟೂ ತೆರೆಯಲಿಲ್ಲ. ಊಟದ ಹೊತ್ತು ದಾಟುವಾಗ ಬಾಗಿಲು ಒಂದು ಗೇಣು ತೆರೆದಿತ್ತು. ಕಾಫಿಯ ಲೋಟ ಆ ಸಂದಿಯಿಂದಲೇ ಒಳಗೆ ಬಂತು. ವಕೀಲರು ಎದ್ದು ಹೋಗಿ ಸಂದಿಯನ್ನೂ ತಮ್ಮ ಹೊಟ್ಟೆಯನ್ನೂ ನೋಡಿಕೊಂಡು ಮತ್ತೆ ಬಂದು ಕೂತರು.

ಅಲ್ಲಿಗೆ ನಿಂತಿತು. ಕೊನೆಯ ಪುಟವೂ ಮುಗಿಯಿತು. ನಾನು ಹೂಂ ಅಂದೆ, ಒಂದು ಗೇಣು ಒಂದೇ ಗೇಣು. ಬಿಸಿಲು ಇಳಿಯತೊಡಗಿತು. ಊರ ಮುಂದಿನ ಗಾಡಿಯ ಡ್ರೈವರು ಬಂದು, ಮಂಜುಗಡ್ಡೆ ಕರಗುತ್ತಿದೆ ಅಂತ ಸಂದಿಯಿಂದ ಹೇಳಿ ಹೋದ. ಅನಸೂಯಳಿಗೆ ತಡೆಯಲಾಗಲಿಲ್ಲ. ಕೈಯಲ್ಲಿ ಸೌಟು ಹಿಡಿದುಕೊಂಡೇ ಸರಳಿಗೆ ಮುಖ ಒತ್ತಿದಳು.

“ಹಾಲಮ್ಮಕ್ಕ, ಏನು ಹುಡುಕ್ತಿದೀಯ ಇನ್ನೂ? ಸೂಜಿ ಕಳ್ಕಂಡಿದೀಯಾ?”

“ನನಗೂ ಗೊತ್ತಾಗ್ತಿಲ್ಲ ಕಣೆ.”

“ಗೊತ್ತಾಗೋದೇನೈತೆ. ಡೈರಿ ಗೋಡೆ ಮೇಲೆ ನಿನ್ನ ಮುಖ ದಿನಾ ನೋಡ್ತೀನಿ. ನೋಡೇ ಹೆಸರು ಕೊಟ್ಟಿದ್ದು ನಾನು. ನಿನಗೆ ಆಯ್ತು ಅಂದ್ಮೇಲೆ ನನಗಾಗದೆ ಎಲ್ಲಿ ಹೋಗ್ತದೆ. ಮಗಳಿಗೂ ಹಂಗೇ ಹೇಳಿದೀನಿ, ಮುಂದಿನ ಉಗಾದಿಗೆ ನಾನೂ ಸಿಲ್ಕು ಸೀರೆ ಉಟ್ಕಂಡು ಕೂತ್ಕಂತೀನಿ ಅಂತ. ಹೂಂ ಅನ್ನು ಸಾಕು.”

ಧಡಾರನೆ ಬಾಗಿಲು ಮುಚ್ಚಿಕೊಂಡಿತು. ಸಂದಿಯಲ್ಲಿ ಲೋಟ ಕೊಡಲು ಹೋಗಿದ್ದ ಚೌಡಪ್ಪನ ಕೈ ಸ್ವಲ್ಪದರಲ್ಲಿ ಉಳಿಯಿತು. ಲೋಟ ಚಪ್ಪಟೆಯಾಯಿತು.

ಎಲ್ಲರೂ ಅನಸೂಯಳನ್ನು ನೋಡಿದರು. ನಾನು ಮಾತ್ರ ಮಣೆಯ ಮೇಲೆ ಕೂತಲ್ಲೇ ತಣ್ಣಗಾದೆ. ಯಾಕೆಂದರೆ ಅವಳು ಆ ಮಾತು ಆಡಿದಾಗ ನನಗೆ ಮೊದಲು ಆದದ್ದು ಸಂತೋಷ. ನನ್ನ ಮುಖ ನೋಡಿ ಒಬ್ಬಳು ಧೈರ್ಯ ತಂದುಕೊಂಡಳಲ್ಲ ಅಂತ. ಆ ಸಂತೋಷದ ಬೆನ್ನಿಗೇ ಜಯಶೀಲ ಬಂದು ನಿಂತಳು.

ಜಯಶೀಲ ಆವಾಗ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವಳು. ನನಗೆ ಹತ್ತಿಸಿದ ಕೆಂಪು ಔಷಧಿಯನ್ನೇ ಅವಳಿಗೂ ಹತ್ತಿಸಿದರು, ಒಂದೇ ಡಾಕ್ಟರು, ಒಂದೇ ಕರೆಂಟು. ಔಷಧಿಗೆ ಉಗುರು ಕಪ್ಪಾದಾಗ ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ, ಅವಳು ಕೆಂಪು ಬಣ್ಣ ತರಿಸಿ ಹತ್ತು ಬೆರಳಿಗೂ ಹಚ್ಚಿಕೊಂಡು ಡಾಕ್ಟರಿಗೆ ತೋರಿಸಿದಳು. ನನಗೂ ಬಲವಂತವಾಗಿ ಹಚ್ಚಿದಳು. ಧೈರ್ಯ ಅನ್ನುವುದು ಇದ್ದದ್ದು ಅವಳಿಗೆ. ನಾನು ಹೆದರಿ ಹೆದರಿ ಬದುಕಿದೆ, ಅವಳು ನಗುತ್ತ ನಗುತ್ತ ಹೋದಳು. ನಾನು ಗೆದ್ದೆ ಅಂತ ಬರೆದರೆ ಅವಳು ಸೋತಳು ಅಂತ ಆಗುತ್ತದೆ. ಅವಳು ಎಲ್ಲಿ ಸೋತಳು? ನಾನಾದರೂ ಏನು ಮಾಡಿ ಗೆದ್ದೆ? ಆ ಪೋಸ್ಟರು ಸುಳ್ಳು ಅಂತ ಅಲ್ಲ, ಆದರೆ ಅದರ ಮುಂದೆ ನಿಂತವರು ಅರ್ಧವನ್ನೇ ನೋಡುತ್ತಿದ್ದರು. ನಾನೂ ಅರ್ಧವನ್ನೇ ನೋಡಲು ಊರು ಸುತ್ತಿ ಹಾಲಿಗೆ ಹೋಗುತ್ತಿದ್ದೆ.

“ಡಾಕ್ಟ್ರೇ,” ಅಂದೆ, “ಗೋಡೆ ಮೇಲಿರೋ ನನ್ನ ಫೋಟೋ ಕೀಳಿಸಿಬಿಡಿ.”

ಪಂಚಾಕ್ಷರಿ ಡಾಕ್ಟರಿಗೆ ಇದು ನಿಜವಾಗಿ ಬೇಸರವಾಯಿತು. ಆ ಫೋಟೋ ಅಂಟಿಸಿದ ಮೇಲೇ ಜನ ಹೆದರದೆ ಗುಡ್ಡ ಹತ್ತಿ ಬಂದದ್ದು, ನಿಮ್ಮನ್ನು ನೋಡಿದರೆ ರೋಗಿಗಳಿಗೆ ಜೀವ ಬರುತ್ತದೆ ಅಂತ ಹೇಳಿದರು. ಅದು ಸುಳ್ಳಲ್ಲ. ವಕೀಲರು, ಫೋಟೋ ತೆಗೆದರೆ ಅಲ್ಲಿ ಏನು ಬರೆಯುವುದು ಅಂತ ಕೇಳಿದರು. ಈ ಔಷಧಿಯಿಂದ ಆಗುತ್ತದೋ ಇಲ್ಲವೋ ನಿಮಗೆ ಗೊತ್ತಿದೆಯಾ ಅಂತ ನಾನು ಶರ್ಮಿಳಾ ಡಾಕ್ಟರನ್ನು ಕೇಳಿದೆ. ಅವರು ಪುಟ ತಿರುವುವುದು ನಿಲ್ಲಿಸಿ, ಗೊತ್ತಿದ್ದರೆ ಸಂಶೋಧನೆ ಯಾಕೆ ಬೇಕಿತ್ತು ಅಂದರು. ಹಾಗಾದರೆ ಅದನ್ನೇ ಬರೆಯಿರಿ ಅಂದೆ. ಗೊತ್ತಿಲ್ಲ ಅಂತ ಬರೆದರೆ ಯಾರು ಬರುತ್ತಾರಮ್ಮಾ ಅಂತ ವಕೀಲರು ಹಣೆ ಒತ್ತಿಕೊಂಡರು. ಶರ್ಮಿಳಾ ಡಾಕ್ಟರು ಆಗಲೇ ಬರೆಯುತ್ತಿದ್ದರು.

ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಯಾಕೆ ಅಂತ ನನಗೆ ಗೊತ್ತಿತ್ತು. ನಾನು ಯಾರಿಗೆ ಹೇಳಬೇಕಾಗಿತ್ತೋ ಅವಳು ಕಿಟಕಿಯಲ್ಲಿ ನಿಂತಿದ್ದಳು. ಮಣೆ ಬಿಟ್ಟು ಎದ್ದು ಅವಳ ಹತ್ತಿರ ಹೋದೆ. ಕಾಲು ಜೋಮು ಹಿಡಿದಿತ್ತು.

“ಅನಸೂಯ, ನನಗೆ ಕೊಟ್ಟಿದ್ದು ಈ ಔಷಧಿ ಅಲ್ಲ ಕಣೆ. ನನಗೆ ಕೊಟ್ಟಿದ್ದನ್ನೇ ಜಯಶೀಲ ಅಂತ ಒಬ್ಬಳಿಗೆ ಕೊಟ್ರು, ಅವಳು ಉಳೀಲಿಲ್ಲ. ನಿನಗೆ ಹೊಸದು ಸಿಗ್ತದೋ ಹಳೇದೇ ಸಿಗ್ತದೋ, ಸಿಕ್ಕಿದ್ದು ಹಿಡೀತದೋ ಇಲ್ವೋ, ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ನನ್ನ ನೋಡಿ ಸೇರಬೇಡ.”

ಅವಳ ಹಿಂದೆ ಇಡ್ಲಿ ಪಾತ್ರೆಯಲ್ಲಿ ನೀರು ಆರಿ ತಳ ಹತ್ತುವ ವಾಸನೆ ಬರುತ್ತಿತ್ತು.

“ಇಷ್ಟು ದಿನ ಗೋಡೆ ಮೇಲೆ ನಗ್ತಾ ಕೂತಿದ್ದೆಯಲ್ಲ,” ಅಂದಳು. “ಆವಾಗ ಹೇಳೋಕೆ ಏನಾಗಿತ್ತು ನಿನಗೆ? ಮಗಳಿಗೆ ಏನು ಹೇಳ್ಲಿ ಈಗ?”

ಅವಳು ಸೌಟನ್ನು ಚಟ್ನಿಯ ಪಾತ್ರೆಗೆ ಎಸೆದು, ಒಲೆ ಆರಿಸದೆ ಹೊರಟುಹೋದಳು. ಒಲೆ ಆರಿಸಿದವನು ವಿರೂಪಾಚಾರಿ.

ನಾನು ಮಣೆಗೆ ಬಂದು ಕೂತೆ. ಇನ್ನೇನೂ ಉಳಿದಿರಲಿಲ್ಲ. ಅವಳು ಇನ್ನು ಬರುವುದಿಲ್ಲವೇನೋ ಅನ್ನಿಸಿತು, ಬಾರದಿದ್ದರೆ ಅದಕ್ಕೆ ನಾನೇ ಕಾರಣ ಅಂತಲೂ ಅನ್ನಿಸಿತು. ಆದರೂ ಆ ಔಷಧಿಯ ವಿಷಯ ತಿಳಿದುಕೊಳ್ಳಲೇಬೇಕು, ಯಾರಾದರೂ ತಿಳಿದುಕೊಳ್ಳಬೇಕು, ಜಯಶೀಲಳ ಹಾಸಿಗೆಯಲ್ಲಿ ಮುಂದೆ ಮಲಗುವವಳಿಗಾಗಿಯಾದರೂ. ಮೆಲ್ಲಗೆ ಹೂಂ ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಬಾಗಿಲು ಎಷ್ಟು ಸಲೀಸಾಗಿ ತೆರೆಯಿತೆಂದರೆ ಅದಕ್ಕೆ ಒರಗಿ ಸಹಿಗೆ ಕಾಗದ ಜೋಡಿಸುತ್ತಿದ್ದ ಶರ್ಮಿಳಾ ಡಾಕ್ಟರು ಕಾಗದದ ಸಮೇತ ಹೊರಗೆ ಹೋಗಿ ಆಚಾರಿಯ ಇಡ್ಲಿ ತಟ್ಟೆಯ ಮೇಲೆ ಕೂತರು. ಆಚಾರಿ ಸಿಟ್ಟಾಗಲಿಲ್ಲ. ಬಾಗಿಲಿನದೇನೂ ತಪ್ಪಿಲ್ಲ ಅಂತ ಆಗಲೇ ಹೇಳಿದ್ದೆನಲ್ಲ ಅಂದನಂತೆ. ಚಟ್ನಿಯ ಕಲೆಯ ಕಾಗದಕ್ಕೇ ಎಲ್ಲರೂ ಸಹಿ ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಮಂಜುಗಡ್ಡೆಯ ಪೆಟ್ಟಿಗೆ ಗುಡ್ಡ ಹತ್ತಿತು.

ಮಾರನೆಯ ದಿನ ನಾನೂ ಚೌಡಪ್ಪನೂ ಬಿಸಿನೀರು ಹಿಡಿದುಕೊಂಡು ಹೋಗಿ ಫೋಟೋಗಳನ್ನು ಕೆರೆದೆವು. ಡೈರಿಯ ಗೋಡೆಯ ಮೇಲಿನದು ಒಂದೇ ಸಲಕ್ಕೆ ಬರಲಿಲ್ಲ, ಗುಂಗುರು ಕೂದಲು ಅಲ್ಲೇ ಅಂಟಿಕೊಂಡು ಉಳಿಯಿತು. ಅದರ ಮೇಲೆ ಹೊಸದು ಬಂತು. ಮುಖವಿಲ್ಲ, ಬರೀ ಅಕ್ಷರ. ‘ಈ ಔಷಧಿಯಿಂದ ಗುಣವಾಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ನೀವು ಬೇಕು. ಬಂದು ಏನು ಬೇಕಾದರೂ ಕೇಳಿ.’ ಓದಿದವರು ಇದೆಂಥ ಆಸ್ಪತ್ರೆಯಪ್ಪಾ ಅಂದರು. ಹೆಸರು ಕೊಟ್ಟವರಲ್ಲಿ ಕೆಲವರು ಹಿಂದಕ್ಕೆ ಪಡೆದರು. ಅದೇ ಕಾಯಿಲೆಯಿದ್ದೂ ಅಲ್ಲಿಯವರೆಗೆ ಆಸ್ಪತ್ರೆಯ ಹತ್ತಿರ ಸುಳಿಯದಿದ್ದ ಇಮಾಮ್ ಸಾಬರ ತಂಗಿ, ಗೊತ್ತಿಲ್ಲ ಅಂತ ಹೇಳುವವರ ಹತ್ತಿರವಾದರೂ ಹೋಗಿ ನೋಡುತ್ತೇನೆ ಅಂತ ಬಂದರು.

ಅನಸೂಯ ನನ್ನ ಹತ್ತಿರ ಮಾತು ಬಿಟ್ಟಳು. ಅಕ್ಕಿಯನ್ನು ಮಗಳ ಕೈಯಲ್ಲಿ ಕಳಿಸುತ್ತಿದ್ದಳು, ಇಡ್ಲಿಗೆ ತರಿಯಾಗಿ ಬೇಕಾದದ್ದಕ್ಕೆ ನಾನು ಹೆಚ್ಚು ಗಮನ ಕೊಟ್ಟು ಬೀಸುತ್ತಿದ್ದೆ. ಶರ್ಮಿಳಾ ಡಾಕ್ಟರು ದಿನಾ ಅವಳ ಗಾಡಿಯ ಹತ್ತಿರ ಕಾಣುತ್ತಾರೆ ಅಂತ ಚೌಡಪ್ಪ ಹೇಳಿದ. ಏನು ಮಾತು ಅಂತ ನಾನು ಕೇಳಲಿಲ್ಲ. ಕೇಳಿದರೆ ಹೋಗು ಅಂದ ಹಾಗಾಗುತ್ತದೋ ಬೇಡ ಅಂದ ಹಾಗಾಗುತ್ತದೋ ಅಂತ ಹೆದರಿಕೆ.

ವ್ಯಾನು ಮೊದಲ ಸಲ ಬಂದ ಬೆಳಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಹೋಗುವವರೆಲ್ಲ ಹತ್ತಿ ಕೂತರು, ಇಮಾಮ್ ಸಾಬರ ತಂಗಿ ಎಲ್ಲರಿಗಿಂತ ಮುಂಚೆ. ಡ್ರೈವರು ಇನ್ನೇನು ಹೊರಡಬೇಕು, ಆಗ ಡೈರಿಯ ಕಡೆಯಿಂದ ಅನಸೂಯ ಬಂದಳು. ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ಟಿಫನ್ ಕ್ಯಾರಿಯರು, ಹಿಂದೆ ಚೀಲ ಹಿಡಿದ ಮಗಳು. ನನ್ನನ್ನು ನೋಡಿಯೂ ನೋಡದ ಹಾಗೆ ಹತ್ತಿದಳು. ಕಿಟಕಿಯ ಪಕ್ಕ ಕೂತು, ಗಾಜು ಸರಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

“ಆ ಡಾಕ್ಟ್ರಮ್ಮನ್ನ ಕೂರಿಸ್ಕಂಡು ಎಲ್ಲಾ ಕೇಳಿದೀನಿ. ಅರ್ಧಕ್ಕರ್ಧ ಗೊತ್ತಿಲ್ಲ ಗೊತ್ತಿಲ್ಲ ಅಂತಾಳೆ, ಆದ್ರೆ ಕಣ್ಣು ತಪ್ಪಿಸಲ್ಲ. ಮಗಳಿಗೂ ಅವಳ ಬಾಯಿಂದ್ಲೇ ಹೇಳಿಸಿದೀನಿ,” ಅಂದಳು. ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು, “ನಿನ್ನ ಮುಖ ನೋಡಿ ಹೋಗ್ತಿಲ್ಲ ನಾನು. ತಿಳ್ಕ.”

ನನಗೆ ಅಷ್ಟು ಮರ್ಯಾದೆಯ ಮಾತು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ವ್ಯಾನು ಹೊರಟಿತು. ಮಗಳು ಕೈ ಬೀಸಿದಳು, ಅನಸೂಯ ಬೀಸಲಿಲ್ಲ, ಮಡಿಲಲ್ಲಿ ಕ್ಯಾರಿಯರು ಇಟ್ಟುಕೊಂಡು ನೇರವಾಗಿ ಮುಂದೆ ನೋಡುತ್ತ ಹೋದಳು.